ಎಲ್ಲ ದ್ರವವೂ ನೀರಲ್ಲ

ಈ ತಿಂಗಳು ಬಂದ ಪತ್ರಗಳಲ್ಲಿ ಏಳು ಪತ್ರಗಳು ದ್ರವವನ್ನು ಅಳತೆಯಷ್ಟೇ ಎಳೆದು ಬಿಡುವ ಒಂದೇ ಸಾಧನದ ಸುತ್ತ ಇದ್ದವು. ಪಿಪೆಟ್. ಬರೆದವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಹಾಲಿನ ಡೇರಿಯವರಿದ್ದಾರೆ, ರಕ್ತ ಪರೀಕ್ಷೆ ಮಾಡುವವರಿದ್ದಾರೆ, ಒಬ್ಬ ತಾಯಿ ಇದ್ದಾರೆ. ನಾನು 31 ವರ್ಷ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದವಳು. ಆ ವರ್ಷಗಳಲ್ಲಿ ನನ್ನ ಬಲಗೈಯಲ್ಲಿ ಪೆನ್ನಿಗಿಂತ ಪಿಪೆಟ್ ಹಿಡಿದ ಹೊತ್ತೇ ಜಾಸ್ತಿ. ಹಾಗಾಗಿ ಈ ಸಲದ ಪುಟಗಳನ್ನು ಪೂರ್ತಿ ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಮೊದಲ ವರ್ಷದವಳು. ಗ್ಲಿಸರಾಲ್ 500 ಮೈಕ್ರೋಲೀಟರ್ (ಅರ್ಧ ಮಿಲಿ ಲೀಟರ್) ತೆಗೆದು ಟ್ಯೂಬಿಗೆ ಹಾಕಿದರೆ ಒಂದೊಂದು ಟ್ಯೂಬಿನಲ್ಲಿ ಒಂದೊಂದು ಮಟ್ಟ ಕಾಣುತ್ತದೆ. ಪಿಪೆಟ್ ಹೊಸದು. ನೀರು ಹಾಕಿದರೆ ಸರಿಯಾಗಿ ಬರುತ್ತದೆ. ಇನ್ನೊಂದು, ಎನ್‌ಜೈಮ್ ಟ್ಯೂಬು ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿದೆ. ಗೈಡ್ ನನ್ನ ಮೇಲೆ ಬೇಸರಪಟ್ಟಿದ್ದಾರೆ. ತಪ್ಪು ನನ್ನ ಕೈಯದೋ, ಪಿಪೆಟ್ಟಿನದೋ? (ಧಾರವಾಡ)

ಉತ್ತರ: ನೀರು ಸರಿಯಾಗಿ ಬರುತ್ತಿದ್ದರೆ ಪಿಪೆಟ್ ಸರಿ ಇದೆ. ನಿಮ್ಮ ಕೈಯೂ ಸರಿ ಇದೆ. ನೀರಿಗೆ ಕಲಿತ ಕೈಯನ್ನೇ ಗ್ಲಿಸರಾಲಿಗೂ ಬಳಸುತ್ತಿದ್ದೀರಿ, ತೊಂದರೆ ಇರುವುದು ಅಲ್ಲಿ.

ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಬೇಕು. ನಿಮ್ಮ ಕೈಯಲ್ಲಿರುವ ಮೈಕ್ರೋಪಿಪೆಟ್ ದ್ರವವನ್ನು ಅಳೆಯುವುದಿಲ್ಲ, ಗಾಳಿಯನ್ನು ಅಳೆಯುತ್ತದೆ. ಒಳಗಿನ ಪಿಸ್ಟನ್ನಿಗೂ ತುದಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಟಿಪ್ಪಿನ ದ್ರವಕ್ಕೂ ನಡುವೆ ಒಂದಿಷ್ಟು ಗಾಳಿ ಇರುತ್ತದೆ. ಬಟನ್ ಬಿಟ್ಟಾಗ ಪಿಸ್ಟನ್ ಮೇಲೆ ಹೋಗುತ್ತದೆ, ಆ ಗಾಳಿ ಹಿಗ್ಗುತ್ತದೆ, ಹಿಂದೆಯೇ ದ್ರವ ಏರುತ್ತದೆ. ಕಂಪನಿಯವರು ಅಂಕಿಗಳನ್ನು ಹೊಂದಿಸಿರುವುದು ನೀರಿಗೆ. ನೀರಿನಷ್ಟೇ ತೆಳ್ಳಗಿರುವ, ನೀರಿನಷ್ಟೇ ತೂಕದ ದ್ರವವಾದರೆ ಅಂಕಿ ನಿಜ ಹೇಳುತ್ತದೆ. ಉಳಿದ ದ್ರವಗಳಿಗೆ ಆ ಅಂಕಿಯನ್ನು ನಿಜ ಮಾಡುವ ಕೆಲಸ ನಮ್ಮದು.

ಗ್ಲಿಸರಾಲ್ ನೀರಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಮಂದ. ಬಟನ್ ಪಟ್ ಅಂತ ಬಿಟ್ಟರೆ ಪಿಸ್ಟನ್ ಮೇಲೆ ಹೋಗಿ ನಿಂತಿರುತ್ತದೆ, ಗ್ಲಿಸರಾಲ್ ಇನ್ನೂ ಟಿಪ್ಪಿನ ಅರ್ಧ ದಾರಿಯಲ್ಲಿರುತ್ತದೆ. ಅಷ್ಟರಲ್ಲಿ ಟಿಪ್ ಮೇಲೆತ್ತಿದರೆ ಉಳಿದ ಜಾಗಕ್ಕೆ ಗಾಳಿ ನುಗ್ಗುತ್ತದೆ. ಹೊರಗೆ ಬಿಡುವಾಗ ಇನ್ನೊಂದು ನಷ್ಟ. ಹರಳೆಣ್ಣೆ ಬಾಟಲಿ ಬಗ್ಗಿಸಿದ ಮೇಲೂ ಒಳಗೋಡೆಗೆ ಎಣ್ಣೆ ಹತ್ತಿಕೊಂಡೇ ಇರುತ್ತದಲ್ಲ, ಟಿಪ್ಪಿನ ಗೋಡೆಗೂ ಹಾಗೆಯೇ ಒಂದು ಪದರ ಉಳಿಯುತ್ತದೆ. ಈ ಎರಡು ನಷ್ಟವೂ ನಿಮ್ಮ ಅವಸರಕ್ಕೆ ತಕ್ಕಂತೆ ಬದಲಾಗುತ್ತವೆ. ಅದಕ್ಕೇ ಒಂದೊಂದು ಟ್ಯೂಬಿನಲ್ಲಿ ಒಂದೊಂದು ಮಟ್ಟ.

ಇದಕ್ಕೆ ರಿವರ್ಸ್ ಪಿಪೆಟಿಂಗ್ ಅನ್ನುವ ಕ್ರಮ ಇದೆ. ಬಟನ್ ಒತ್ತುವಾಗ ಎರಡು ಕಡೆ ತಡೆ ಸಿಗುತ್ತದೆ, ಅವೇ ಸ್ಟಾಪ್. ನೀರಿಗೆ ನಾವು ಮೊದಲ ಸ್ಟಾಪ್‌ವರೆಗೆ ಒತ್ತಿ ಎಳೆಯುತ್ತೇವೆ, ಬಿಡುವಾಗ ಎರಡನೇ ಸ್ಟಾಪ್‌ವರೆಗೆ ಒತ್ತಿ ಖಾಲಿ ಮಾಡುತ್ತೇವೆ. ಇಲ್ಲಿ ಅದನ್ನು ತಿರುವು ಮುರುವು ಮಾಡಬೇಕು. ಟಿಪ್ ಅದ್ದುವ ಮೊದಲೇ ಎರಡನೇ ಸ್ಟಾಪ್‌ವರೆಗೆ ಒತ್ತಿ. ಅದ್ದಿ, ಬಟನ್ನನ್ನು ತುಂಬಾ ನಿಧಾನವಾಗಿ ಬಿಡಿ. ಬಟನ್ ಮೇಲೆ ಬಂದ ಕೂಡಲೇ ಟಿಪ್ ಎತ್ತಬೇಡಿ. ಒಳಗೆ ಮಟ್ಟ ಏರುವುದು ನಿಲ್ಲುವವರೆಗೆ ನೋಡುತ್ತಾ ಇರಿ. ಐದು ಸೆಕೆಂಡ್ ಆಗಬಹುದು, ಹತ್ತೂ ಆಗಬಹುದು. ಆಮೇಲೆ ಟ್ಯೂಬಿನ ಗೋಡೆಗೆ ಟಿಪ್ ತಾಗಿಸಿ ಮೊದಲ ಸ್ಟಾಪ್‌ವರೆಗೆ ಮಾತ್ರ ಒತ್ತಿ, ಅಲ್ಲೇ ಹಿಡಿದು ಕಾಯಿರಿ. ಟಿಪ್ಪಿನಲ್ಲಿ ಸ್ವಲ್ಪ ಉಳಿಯುತ್ತದೆ, ಉಳಿಯಲೇಬೇಕು. ಗೋಡೆಗೆ ಅಂಟುವ ಪದರದ ನಷ್ಟವನ್ನು ತುಂಬಿಕೊಡುವುದು ಆ ಹೆಚ್ಚುವರಿಯೇ. ಟಿಪ್ಪಿನ ತುದಿಯನ್ನು ಶುದ್ಧ ಬ್ಲೇಡಿನಿಂದ ಎರಡು ಮೂರು ಮಿಲಿಮೀಟರ್ ಕತ್ತರಿಸಿ ಬಾಯಿ ಅಗಲ ಮಾಡಿಕೊಂಡರೆ ಇನ್ನೂ ಸುಲಭ.

ನಾನಾದರೆ ಗ್ಲಿಸರಾಲನ್ನು ಪಿಪೆಟ್ಟಿನಿಂದ ಅಳೆಯುವುದೇ ಇಲ್ಲ. ತೂಗುತ್ತೇನೆ. ಒಂದು ಮಿಲಿ ಲೀಟರ್ ಗ್ಲಿಸರಾಲಿನ ತೂಕ 1.26 ಗ್ರಾಂ. 50 ಮಿಲಿ ಲೀಟರ್ ಬೇಕಿದ್ದರೆ ಬೀಕರನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ 63 ಗ್ರಾಂ ಸುರಿಯಿರಿ. ಅದಕ್ಕೆ ನೀರು ಸೇರಿಸಿ 100 ಮಿಲಿ ಲೀಟರ್ ಮಾಡಿ, ಚೆನ್ನಾಗಿ ಬೆರೆಸಿ, ಆಟೋಕ್ಲೇವಿನ ಹಬೆಯಲ್ಲಿ ಶುದ್ಧ ಮಾಡಿ ಇಟ್ಟುಕೊಳ್ಳಿ. ಅರ್ಧಕ್ಕರ್ಧ ನೀರು ಬೆರೆತ ಗ್ಲಿಸರಾಲ್ ಎಷ್ಟೋ ತೆಳ್ಳಗಾಗುತ್ತದೆ, ನಿಮ್ಮ ಮಾತು ಕೇಳುತ್ತದೆ. ಟ್ವೀನ್ 20 ಅನ್ನುವ ಮಂದ ಡಿಟರ್ಜೆಂಟ್ ಕೂಡ ಇದೇ ಜಾತಿ. ಅದನ್ನೂ ಮೊದಲು ನೂರಕ್ಕೆ ಹತ್ತರಂತೆ ನೀರಿನಲ್ಲಿ ಬೆರೆಸಿ ಇಟ್ಟುಕೊಂಡು, ಆಮೇಲೆ ಅದರಿಂದ ಪಿಪೆಟ್ ಮಾಡಿ.

ಈಗ ಎನ್‌ಜೈಮ್. ಅದು ಬೇಗ ಖಾಲಿಯಾಗುವುದಕ್ಕೂ ಕಾರಣ ಗ್ಲಿಸರಾಲೇ. ಮೈನಸ್ 20ರಲ್ಲಿ ಹೆಪ್ಪುಗಟ್ಟದಿರಲಿ ಎಂದು ಈ ಎನ್‌ಜೈಮುಗಳನ್ನು ಸಾಮಾನ್ಯವಾಗಿ ಅರ್ಧ ಪಾಲು ಗ್ಲಿಸರಾಲ್ ಇರುವ ಬಫರಿನಲ್ಲಿ (ಆಮ್ಲ ಕ್ಷಾರದ ಮಟ್ಟ ಬದಲಾಗದಂತೆ ಹಿಡಿದಿಡುವ ದ್ರಾವಣದಲ್ಲಿ) ಇಟ್ಟು ಕೊಡುತ್ತಾರೆ. ನೀವು ಟಿಪ್ಪನ್ನು ಟ್ಯೂಬಿನ ತಳದವರೆಗೆ ಇಳಿಸುತ್ತಿದ್ದೀರಿ ಅನ್ನಿಸುತ್ತದೆ. ಆಗ ಟಿಪ್ಪಿನ ಒಳಗೆ 1 ಮೈಕ್ರೋಲೀಟರ್ ಬಂದರೆ ಹೊರಗೋಡೆಗೆ ಅಷ್ಟೇ ಅಂಟಿಕೊಂಡು ಹೋಗಬಹುದು. ಎನ್‌ಜೈಮ್ ಖರ್ಚಾಗುವುದಷ್ಟೇ ಅಲ್ಲ, ರಿಯಾಕ್ಷನ್ನಿನಲ್ಲಿ ಗ್ಲಿಸರಾಲ್ ಏರುತ್ತದೆ. ಡಿಎನ್‌ಎ ಕತ್ತರಿಸುವ ಕೆಲವು ಎನ್‌ಜೈಮುಗಳು, ಉದಾಹರಣೆಗೆ ಇಕೋ ಆರ್ ಒನ್, ಗ್ಲಿಸರಾಲ್ ಜಾಸ್ತಿಯಾದರೆ ಕತ್ತರಿಸಬಾರದ ಜಾಗದಲ್ಲೂ ಕತ್ತರಿಸುತ್ತವೆ. ಎನ್‌ಜೈಮಿನ ಪಾಲು ಒಟ್ಟು ರಿಯಾಕ್ಷನ್ನಿನ ಹತ್ತರಲ್ಲಿ ಒಂದನ್ನು ದಾಟಬಾರದು ಅನ್ನುವುದು ಅದಕ್ಕೇ.

ಟ್ಯೂಬನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಟಿಪ್ಪಿನ ತುದಿ ಮೇಲ್ಮೈಯನ್ನು ಮುಟ್ಟಿದರೆ ಸಾಕು, ಒಂದು ಮಿಲಿಮೀಟರಿಗಿಂತ ಒಳಗೆ ಹೋಗಬಾರದು. ನಿಧಾನವಾಗಿ ಎಳೆದು, ಹೊರಗೆ ತರುವಾಗ ಟ್ಯೂಬಿನ ಒಳಬಾಯಿಗೆ ಟಿಪ್ಪನ್ನು ಸವರಿ. ರಿಯಾಕ್ಷನ್ ಮಿಶ್ರಣದ ಒಳಗೇ ಬಿಟ್ಟು, ಅದರಲ್ಲೇ ಎರಡು ಸಲ ಎಳೆದು ಬಿಟ್ಟು ಟಿಪ್ ತೊಳೆಯಿರಿ. ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಕ್ರಮ) ಮಾಡುವಾಗ ಪ್ರತಿ ಟ್ಯೂಬಿಗೂ 0.5 ಮೈಕ್ರೋಲೀಟರ್ ಬೇರೆ ಬೇರೆಯಾಗಿ ಹಾಕಬೇಡಿ. 20 ಟ್ಯೂಬಿದ್ದರೆ 22ಕ್ಕೆ ಲೆಕ್ಕ ಹಾಕಿ, 11 ಮೈಕ್ರೋಲೀಟರ್ ಒಂದೇ ಸಲ ಎಲ್ಲ ಟ್ಯೂಬುಗಳ ಒಟ್ಟು ಮಿಶ್ರಣವಾದ ಮಾಸ್ಟರ್ ಮಿಕ್ಸಿಗೆ ಹಾಕಿ ಹಂಚಿ. 11 ಅಳೆಯುವಾಗ ಆಗುವ ತಪ್ಪು 0.5 ಅಳೆಯುವಾಗಿನ ತಪ್ಪಿನ ಮುಂದೆ ಏನೂ ಅಲ್ಲ.

ನಾನು 1989ರಲ್ಲಿ ಕೆಲಸಕ್ಕೆ ಸೇರಿದಾಗ ಇಡೀ ವಿಭಾಗಕ್ಕೆ ಎರಡೇ ಮೈಕ್ರೋಪಿಪೆಟ್. ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಟಿಪ್ಪುಗಳನ್ನು ತೊಳೆದು ಒಣಗಿಸಿ ಮತ್ತೆ ಬಳಸುತ್ತಿದ್ದೆವು. ಮೊದಲ ವಾರ ನಮ್ಮ ಮೇಷ್ಟ್ರು ನನ್ನ ಮುಂದೆ ನೀರು ಮತ್ತು ಹರಳೆಣ್ಣೆ ಇಟ್ಟು, ಎರಡನ್ನೂ ಒಂದೊಂದು ಮಿಲಿ ಲೀಟರ್ ತೂಗಿ ತೋರಿಸಮ್ಮ ಎಂದರು. ಹರಳೆಣ್ಣೆ 0.96 ಗ್ರಾಂ ಬರಬೇಕು. ನನಗೆ ಬಂದದ್ದು 0.81. ಅವರು ಬೈಯಲಿಲ್ಲ. "ಈಗ ಸಾವಕಾಶವಾಗಿ ಎಳಿ" ಎಂದರು. ಆ ದಿನ ಸಂಜೆವರೆಗೆ ತೂಗುತ್ತಾ ಕೂತೆ. ನೀವೂ ಒಂದು ಮಧ್ಯಾಹ್ನ ಗ್ಲಿಸರಾಲ್ ಮತ್ತು ತಕ್ಕಡಿ ಇಟ್ಟುಕೊಂಡು ಕೂತು ನೋಡಿ. ಬಂದ ಅಂಕಿಗಳನ್ನು ಗೈಡಿಗೆ ತೋರಿಸಿ. ಅವರ ಬೇಸರ ಉಳಿಯುವುದಿಲ್ಲ.

ಪ್ರಶ್ನೆ: ನಾನು ಹಳ್ಳಿಯ ಹಾಲಿನ ಡೇರಿಯಲ್ಲಿ ಟೆಸ್ಟರ್. ಮೆಷಿನ್ ಮೇಲೆ ಯಾರಾದರೂ ತಕರಾರು ತೆಗೆದರೆ ಆಸಿಡ್ ಹಾಕಿ ಫ್ಯಾಟ್ ಬೇರ್ಪಡಿಸುವ ಗರ್ಬರ್ ವಿಧಾನದಲ್ಲಿ ಫ್ಯಾಟ್ ನೋಡುತ್ತೇವೆ. ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಹಾಲನ್ನು ಊದಬೇಕೋ ಬೇಡವೋ? ಒಬ್ಬರು ಊದು ಅನ್ನುತ್ತಾರೆ, ಒಬ್ಬರು ಬೇಡ ಅನ್ನುತ್ತಾರೆ. ಒಂದೇ ಹಾಲಿಗೆ ಎರಡು ರೀಡಿಂಗ್ ಬಂದರೆ ರೈತರು ನಮ್ಮನ್ನೇ ಕೇಳುತ್ತಾರೆ. (ಮಂಡ್ಯ ಜಿಲ್ಲೆ)

ಉತ್ತರ: ಊದಬೇಡಿ. ನಿಮ್ಮ ಪಿಪೆಟ್ ಮೇಲೆ 10.75 ಮಿಲಿ ಲೀಟರ್ ಎಂದು ಬರೆದಿರುತ್ತದೆ. ಹಾಲು ತಾನಾಗಿ ಇಳಿದ ಮೇಲೆ ತುದಿಯಲ್ಲಿ ಉಳಿಯುವ ಹನಿಯನ್ನು ಬಿಟ್ಟೇ ಆ ಅಳತೆ ಗುರುತು ಮಾಡಿರುತ್ತಾರೆ. ಹಾಲು ಇಳಿದು ನಿಂತ ಮೇಲೆ ಮೂರು ಸೆಕೆಂಡ್ ಕಾದು, ಫ್ಯಾಟ್ ಅಳೆಯುವ ಗಾಜಿನ ಕೊಳವೆಯಾದ ಬ್ಯುಟಿರೋಮೀಟರಿನ ಕುತ್ತಿಗೆಯ ಬುಡಕ್ಕೆ ತುದಿಯನ್ನು ಒಮ್ಮೆ ತಾಗಿಸಿ ತೆಗೆದುಬಿಡಿ. ಹಾಲು ನೀರಿನ ಹಾಗೆ ಜಾರುವುದಿಲ್ಲ, ಗಾಜಿಗೆ ಬೆಳ್ಳಗೆ ಪದರ ಕಟ್ಟುತ್ತದೆ. ಆ ಮೂರು ಸೆಕೆಂಡ್ ಇರುವುದು ಅದಕ್ಕೆ.

ಆದರೆ ನಿಮ್ಮ ಎರಡು ರೀಡಿಂಗಿಗೆ ಕಾರಣ ಆ ಹನಿ ಅಲ್ಲ ಅಂತ ನನಗನಿಸುತ್ತದೆ. ಲೆಕ್ಕ ನೋಡಿ. 10.75ರ ಬದಲು 10.60 ಹಾಲು ಬಿದ್ದಿದೆ ಅಂತಿಟ್ಟುಕೊಳ್ಳಿ. 4.0 ಫ್ಯಾಟ್ ಇರುವ ಹಾಲು ಆಗ 3.94 ತೋರಿಸುತ್ತದೆ. ಬ್ಯುಟಿರೋಮೀಟರಿನಲ್ಲಿ ಒಂದು ಗೆರೆ 0.1. ಒಂದು ಗೆರೆಯಷ್ಟೂ ವ್ಯತ್ಯಾಸ ಬರಲಿಲ್ಲ. ದೊಡ್ಡ ತಪ್ಪು ಆಗುವುದು ಪಿಪೆಟ್ಟಿಗೆ ಹಾಲು ಎಳೆಯುವ ಮೊದಲೇ. ಫ್ಯಾಟ್ ಹಾಲಿನಲ್ಲಿ ಕರಗಿರುವುದಿಲ್ಲ, ಸಣ್ಣ ಸಣ್ಣ ಗೋಲಿಗಳಾಗಿ ತೇಲುತ್ತಿರುತ್ತದೆ. ಸ್ಯಾಂಪಲ್ ಬಾಟಲಿ ಅರ್ಧ ಗಂಟೆ ಸುಮ್ನೆ ನಿಂತರೆ ಸಾಕು, ಮೇಲೆ ಕೆನೆ, ಕೆಳಗೆ ತೆಳು ಹಾಲು. ಪಿಪೆಟ್ ತುದಿ ಕೆಳಗಿದ್ದರೆ ರೈತನಿಗೆ ನಷ್ಟ, ಮೇಲಿದ್ದರೆ ಸಂಘಕ್ಕೆ ನಷ್ಟ.

ಫ್ರಿಜ್ಜಿನಿಂದ ತೆಗೆದ ಹಾಲಾದರೆ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು 40 ಡಿಗ್ರಿಯಷ್ಟು ಬೆಚ್ಚಗೆ ಮಾಡಿ. ಮುಚ್ಚಳಕ್ಕೆ, ಕುತ್ತಿಗೆಗೆ ಅಂಟಿದ ಕೆನೆಯೆಲ್ಲ ಹಾಲಿಗೆ ಸೇರಬೇಕು. ಬಾಟಲಿಯನ್ನು ತಲೆಕೆಳಗು ಮಾಡಿ, ಮತ್ತೆ ನೇರ ಮಾಡಿ. ಹೀಗೆ ಆರೇಳು ಸಲ. ಕುಲುಕಬೇಡಿ, ನೊರೆ ಬಂದರೆ ಪಿಪೆಟ್ಟಿನಲ್ಲಿ ಹಾಲಿನ ಜೊತೆ ಗಾಳಿ ತುಂಬುತ್ತದೆ. ಆಮೇಲೆ 27 ಡಿಗ್ರಿಗೆ ತಣಿಸಿ, ತಕ್ಷಣ ಎಳೆಯಿರಿ. ಎರಡನೇ ಸ್ಯಾಂಪಲ್ ಎಳೆಯುವ ಮುಂಚೆ ಮತ್ತೊಮ್ಮೆ ಬಾಟಲಿ ತಿರುವಿ.

ಹಾಲು ಹಾಕುವ ಹೊತ್ತಿಗೆ ಬ್ಯುಟಿರೋಮೀಟರಿನಲ್ಲಿ 10 ಮಿಲಿ ಲೀಟರ್ ಸಲ್ಫ್ಯೂರಿಕ್ ಆಸಿಡ್ ಇರುತ್ತದೆ, ಅಲ್ವಾ. ಪಿಪೆಟ್ಟನ್ನು ವಾಲಿಸಿ ಹಾಲು ಗೋಡೆ ಹಿಡಿದು ನಿಧಾನವಾಗಿ ಇಳಿಯುವಂತೆ ಬಿಡಿ. ಆಸಿಡ್ ಮೇಲೆ ಬೇರೆ ಪದರವಾಗಿ ನಿಲ್ಲಬೇಕು. ನೇರವಾಗಿ ಬಿದ್ದರೆ ಅಲ್ಲೇ ಸುಟ್ಟು ಕರಿ ಚೂರುಗಳಾಗುತ್ತವೆ, ಕೊನೆಯಲ್ಲಿ ಫ್ಯಾಟಿನ ಗೆರೆಯಲ್ಲಿ ಅವೇ ಅಡ್ಡ ಬರುತ್ತವೆ. ಕುತ್ತಿಗೆಗೆ ಹಾಲು ತಾಗಿದ್ದರೆ ಕಾರ್ಕ್ ಜಾರುತ್ತದೆ. ಸೆಂಟ್ರಿಫ್ಯೂಜಿನಲ್ಲಿ ಕಾರ್ಕ್ ಕಿತ್ತು ಬಂದರೆ ಒಳಗಿರುವುದು ಬಿಸಿ ಆಸಿಡ್. ಕಣ್ಣು ಕಾಯುವ ಲ್ಯಾಬ್ ಕನ್ನಡಕ ಹಾಕಿಕೊಳ್ಳದೆ ಈ ಕೆಲಸ ಮಾಡಬೇಡಿ. ಆಸಿಡ್ ಮತ್ತು ಅಮೈಲ್ ಆಲ್ಕೋಹಾಲ್ ಎರಡಕ್ಕೂ ಬಗ್ಗಿಸಿ ಅಳೆಯುವ ಟಿಲ್ಟ್ ಮೆಷರ್ ಇರುತ್ತದೆ. ಅವುಗಳ ಹತ್ತಿರ ಪಿಪೆಟ್ ತರಲೇಬೇಡಿ.

ಪ್ರಶ್ನೆ: ನನ್ನ ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಕಾಲೇಜಿನ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಬಾಯಲ್ಲೇ ಪಿಪೆಟ್ ಎಳೆಯುತ್ತಾರಂತೆ. ಒಂದು ದಿನ ಬಾಯೆಲ್ಲ ಹುಳಿಯಾಗಿತ್ತು ಎಂದು ಬಂದಳು. ಕೇಳಿದರೆ, ಎಲ್ಲರೂ ಹಾಗೇ ಮಾಡುತ್ತಾರೆ ಅಮ್ಮ ಅನ್ನುತ್ತಾಳೆ. ನಾನು ಜಾಸ್ತಿ ಹೆದರುತ್ತಿದ್ದೇನೆಯೇ? (ಶಿವಮೊಗ್ಗ)

ಉತ್ತರ: ಇಲ್ಲಮ್ಮ, ನೀವು ಹೆದರುವುದರಲ್ಲಿ ನ್ಯಾಯ ಇದೆ. ಬಾಯಿ ಹುಳಿಯಾಗಿತ್ತು ಅಂದರೆ ಅದು ಬಹುಶಃ ಆಕ್ಸಾಲಿಕ್ ಆಸಿಡ್. ಪರ್ಮಾಂಗನೇಟ್ ಟೈಟ್ರೇಷನ್ನಿಗೆ ಮಕ್ಕಳು ಪಿಪೆಟ್ಟಿನಲ್ಲಿ ತೆಗೆಯುವುದು ಅದನ್ನೇ. ಪ್ರಾಕ್ಟಿಕಲ್ ದ್ರಾವಣ ತೆಳ್ಳಗಿರುತ್ತದೆ, ಒಂದು ಹನಿ ಬಾಯಿಗೆ ಹೋಗಿ ಉಗುಳಿ ತೊಳೆದುಕೊಂಡಿದ್ದರೆ ಆ ದಿನಕ್ಕೆ ಗಾಬರಿ ಬೇಡ. ಆದರೆ ಅದು ವಿಷವೇ. ಅದೇ ಬಾಯಿ ನಾಳೆ ಸೋಡಿಯಂ ಹೈಡ್ರಾಕ್ಸೈಡಿನಂಥ ಸುಡುವ ಕ್ಷಾರ ಎಳೆಯುತ್ತದೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳಿಗೆ ಹಾಗೇ ಆಯಿತು. ಬಾಟಲಿಯಲ್ಲಿ ದ್ರಾವಣ ತಳ ಮುಟ್ಟಿತ್ತು, ಪಿಪೆಟ್ಟಿನ ತುದಿ ಮೇಲ್ಮೈಯಿಂದ ಹೊರಬಂತು. ಅವಳು ಎಳೆಯುತ್ತಿದ್ದ ಉಸಿರಿಗೆ ಗಾಳಿಯ ಜೊತೆ ಕ್ಷಾರ ಒಂದೇ ಏಟಿಗೆ ಗಂಟಲಿಗೆ ಹೋಯಿತು. ಹದಿನೈದು ದಿನ ಅವಳು ಗಂಜಿ, ಮಜ್ಜಿಗೆಯ ಮೇಲೆ ಇದ್ದಳು. ಮೂವತ್ತು ವರ್ಷದ ಮೇಲಾಯಿತು, ಆ ಕೆಮ್ಮು ಇನ್ನೂ ನನ್ನ ಕಿವಿಯಲ್ಲಿದೆ. ಅವಳು ಎಚ್ಚರ ತಪ್ಪಿದವಳಲ್ಲ, ನಮ್ಮೆಲ್ಲರಿಗಿಂತ ಚೊಕ್ಕವಾಗಿ ಕೆಲಸ ಮಾಡುವವಳು.

ಬಾಯಿಯಿಂದ ಎಳೆಯುವುದನ್ನು ಬಿಡಿಸಿದ ಕಥೆಯೊಂದನ್ನು ನಿಮ್ಮ ಮಗಳಿಗೆ ಹೇಳಿ. ಜರ್ಮನಿಯ ಮಾರ್ಬುರ್ಗ್ ಊರಿನಲ್ಲಿ ಹೈನ್‌ರಿಶ್ ಶ್ನಿಟ್ಗರ್ ಎಂಬ ವೈದ್ಯ ಇದ್ದರು. ಸಣ್ಣ ಸಣ್ಣ ಅಳತೆಗಳನ್ನು ದಿನವಿಡೀ ಬಾಯಿಯಿಂದ ಎಳೆದು ಅವರಿಗೆ ಸಾಕಾಗಿ ಹೋಗಿತ್ತು. ಪಿಸ್ಟನ್, ಸ್ಪ್ರಿಂಗ್, ತುದಿಗೆ ಬದಲಾಯಿಸಬಹುದಾದ ಪ್ಲಾಸ್ಟಿಕ್ ಟಿಪ್ ಇರುವ ಒಂದು ಸಾಧನವನ್ನು ತಾವೇ ಕೂತು ಮಾಡಿದರು. 1957ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಹ್ಯಾಂಬರ್ಗಿನ ಎಪೆನ್‌ಡಾರ್ಫ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಈಗ ಜಗತ್ತಿನ ಲ್ಯಾಬುಗಳಲ್ಲೆಲ್ಲ ಇರುವ ಮೈಕ್ರೋಪಿಪೆಟ್ ಆ ವಂಶದ್ದೇ.

ಪಿಯುಸಿ ಲ್ಯಾಬಿಗೆ ಅಷ್ಟು ದುಬಾರಿಯದು ಬೇಡ. ಗಾಜಿನ ಪಿಪೆಟ್ಟಿನ ತಲೆಗೆ ಸಿಕ್ಕಿಸುವ ರಬ್ಬರ್ ಬಲ್ಬ್ ಸಾಕು. ಅದರ ಮೇಲೆ ಮೂರು ಅಕ್ಷರಗಳಿರುತ್ತವೆ. ಎ ಒತ್ತಿ ಬಲ್ಬಿನ ಗಾಳಿ ಹೊರಗೆ ಹಿಂಡಬೇಕು, ಎಸ್ ಒತ್ತಿದರೆ ದ್ರಾವಣ ಏರುತ್ತದೆ, ಇ ಒತ್ತಿದರೆ ಇಳಿಯುತ್ತದೆ. ಎರಡು ದಿನ ನೀರಿನಲ್ಲಿ ಅಭ್ಯಾಸ ಮಾಡಿದರೆ ಕೈ ಕೂರುತ್ತದೆ. ಸಿಕ್ಕಿಸುವಾಗ ಪಿಪೆಟ್ಟನ್ನು ಮೇಲ್ತುದಿಯ ಹತ್ತಿರವೇ ಹಿಡಿಯಬೇಕು. ದೂರ ಹಿಡಿದು ತಳ್ಳಿದರೆ ಗಾಜು ಮುರಿದು ಅಂಗೈಗೆ ಚುಚ್ಚುತ್ತದೆ. ಮಧ್ಯದಲ್ಲಿ ಉಬ್ಬು, ಮೇಲೆ ಒಂದೇ ಗೆರೆ ಇರುವ ಪಿಪೆಟ್ಟಿನಲ್ಲಿ ಕೊನೆಯ ಹನಿಯನ್ನು ಊದಿ ಕೆಡವಬಾರದು, ಇದನ್ನೂ ಅವಳಿಗೆ ಹೇಳಿ. ಫ್ಲಾಸ್ಕಿನ ಗೋಡೆಗೆ ತುದಿ ತಾಗಿಸಿದರೆ ಆಯಿತು.

ಪ್ರಿನ್ಸಿಪಾಲರನ್ನು ನೀವೇ ಹೋಗಿ ಕಾಣಿ. ಇನ್ನೂ ನಾಲ್ಕು ಜನ ತಾಯಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ. ಹತ್ತು ಬಲ್ಬು ಕೊಳ್ಳಲಾರದ ಕಾಲೇಜು ಇರಲಾರದು.

ಪ್ರಶ್ನೆ: ಸಣ್ಣ ಕ್ಲಿನಿಕಲ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಒಂದೇ ರಕ್ತದ ಹಿಮೋಗ್ಲೋಬಿನ್ ಎರಡು ಸಲ ಮಾಡಿದರೆ 11.3 ಒಮ್ಮೆ, 12.2 ಒಮ್ಮೆ. ರಕ್ತ ಬೆರೆಸಿ ಬಣ್ಣ ನೋಡುವ ಡ್ರಾಬ್ಕಿನ್ ದ್ರಾವಣ ಹೊಸದು. ಎಲ್ಲಿ ತಪ್ಪುತ್ತಿದೆ? (ಹಾವೇರಿ)

ಉತ್ತರ: 5 ಮಿಲಿ ಲೀಟರ್ ಡ್ರಾಬ್ಕಿನ್ನಿಗೆ ನೀವು ಹಾಕುವುದು 20 ಮೈಕ್ರೋಲೀಟರ್ ರಕ್ತ. ಅದರಲ್ಲಿ 1 ಮೈಕ್ರೋಲೀಟರ್ ಆಚೀಚೆ ಆದರೆ ನೂರಕ್ಕೆ ಐದು ತಪ್ಪು. 12 ಇರುವ ಹಿಮೋಗ್ಲೋಬಿನ್ 11.4 ಆಗುತ್ತದೆ, ಇಲ್ಲವೇ 12.6. ಗರ್ಭಿಣಿಯೊಬ್ಬರ ರಿಪೋರ್ಟಿನಲ್ಲಿ ಇದು ಸಣ್ಣ ಮಾತಲ್ಲ.

ಟಿಪ್ಪಿನ ಹೊರಗೆ ಅಂಟುವ ರಕ್ತವೇ ಸುಲಭವಾಗಿ 1 ಮೈಕ್ರೋಲೀಟರ್ ಇರುತ್ತದೆ. ರಕ್ತದಲ್ಲಿ ಟಿಪ್ಪನ್ನು ಎರಡು ಮಿಲಿಮೀಟರಿಗಿಂತ ಆಳ ಇಳಿಸಬೇಡಿ. ಎಳೆದ ಮೇಲೆ ಟಿಶ್ಯೂ ಕಾಗದದಿಂದ ಮೇಲಿನಿಂದ ಕೆಳಕ್ಕೆ ಒಂದೇ ಸಲ ಒರೆಸಿ. ತೂತಿನ ಬಾಯಿಗೆ ಕಾಗದ ತಾಗಬಾರದು, ತಾಗಿದರೆ ಒಳಗಿನ ರಕ್ತವನ್ನೂ ಹೀರಿಕೊಳ್ಳುತ್ತದೆ. ಇಲ್ಲಿ ರಿವರ್ಸ್ ಪಿಪೆಟಿಂಗ್ ಬೇಡ. ಮೊದಲ ಸ್ಟಾಪ್‌ವರೆಗೆ ಒತ್ತಿ ರಕ್ತ ಎಳೆಯಿರಿ, ಡ್ರಾಬ್ಕಿನ್ನಿನ ಒಳಗೆ ಬಿಡಿ, ಅದೇ ದ್ರಾವಣವನ್ನು ಮೂರು ನಾಲ್ಕು ಸಲ ಎಳೆದು ಬಿಟ್ಟು ಟಿಪ್ಪಿನ ಗೋಡೆಯ ರಕ್ತವನ್ನೆಲ್ಲ ತೊಳೆದು ಕೆಳಗಿಳಿಸಿ. ಟಿಪ್ ಒಳಗೆ ಕೆಂಪು ಕಾಣುತ್ತಿದ್ದರೆ ಕೆಲಸ ಮುಗಿದಿಲ್ಲ. ಸೀರಮ್ಮನ್ನು ಖಾಲಿ ಟ್ಯೂಬುಗಳಿಗೆ ಹಂಚುವಾಗ ಮಾತ್ರ ರಿವರ್ಸ್ ಒಳ್ಳೆಯದು. ಪ್ರೋಟೀನ್ ಇರುವ ದ್ರವವನ್ನು ಎರಡನೇ ಸ್ಟಾಪ್‌ವರೆಗೆ ಒತ್ತಿ ಊದಿದರೆ ನೊರೆ ಏಳುತ್ತದೆ.

ರಕ್ತ ಹೆಪ್ಪುಗಟ್ಟದಂತೆ ಇಡುವ ಇಡಿಟಿಎ ಟ್ಯೂಬನ್ನು ಎಂಟು ಹತ್ತು ಸಲ ನಿಧಾನವಾಗಿ ತಲೆಕೆಳಗು ಮಾಡಿ ನೇರ ಮಾಡಿದ ಕೂಡಲೇ ರಕ್ತ ತೆಗೆಯಿರಿ. ಸ್ಟ್ಯಾಂಡಿನಲ್ಲಿ ನಿಂತ ರಕ್ತದಲ್ಲಿ ಕೆಂಪುಕಣ ಕೆಳಗಿಳಿದಿರುತ್ತದೆ. ಡೇರಿಯವರ ಹಾಲಿನ ಕಥೆಯೇ ಇದು, ಇಲ್ಲಿ ಮೇಲಿರುವುದು ಪ್ಲಾಸ್ಮಾ ಅಷ್ಟೇ. ಮತ್ತೆ, ಡ್ರಾಬ್ಕಿನ್ನಿನಲ್ಲಿ ಸಯನೈಡ್ ಇದೆ. ಆಸಿಡ್ ಸುರಿದ ಸಿಂಕಿಗೆ ಅದನ್ನು ಸುರಿಯಬೇಡಿ, ವಿಷದ ಗಾಳಿ ಏಳುತ್ತದೆ.

ಪ್ರಶ್ನೆ: ಅಸಿಟೋನ್, ಕ್ಲೋರೋಫಾರ್ಮ್ ತೆಗೆದರೆ ಟ್ಯೂಬಿಗೆ ತಲುಪುವ ಮೊದಲೇ ಟಿಪ್ಪಿನಿಂದ ತೊಟ್ಟಿಕ್ಕುತ್ತದೆ. ಟಿಪ್ ಸಡಿಲವೇ? (ಬೆಂಗಳೂರು)

ಉತ್ತರ: ಟಿಪ್ ಸರಿಯಾಗಿ ಕೂತಿದ್ದರೂ ಇದು ಆಗುತ್ತದೆ. ಅಸಿಟೋನ್ 56 ಡಿಗ್ರಿಗೇ ಕುದಿಯುವ ವಸ್ತು. ಟಿಪ್ ಒಳಗೆ ಹೋದ ಕ್ಷಣದಿಂದ ಆವಿಯಾಗಲು ಶುರು. ಆ ಆವಿ ಮೇಲಿನ ಗಾಳಿಗೆ ಸೇರಿ ಒತ್ತಡ ಹೆಚ್ಚಿಸುತ್ತದೆ, ದ್ರವವನ್ನು ಕೆಳಗೆ ತಳ್ಳುತ್ತದೆ. ಕ್ಲೋರೋಫಾರ್ಮಿಗೆ ಇದರ ಜೊತೆ ಭಾರವೂ ಇದೆ, ನೀರಿನ ಒಂದೂವರೆ ಪಟ್ಟು.

ಟಿಪ್ ಒಳಗಿನ ಗಾಳಿಗೆ ಮೊದಲೇ ಹೊಟ್ಟೆ ತುಂಬ ಆವಿ ಕುಡಿಸಿಬಿಡಿ. ಅದೇ ದ್ರವವನ್ನು ನಾಲ್ಕೈದು ಸಲ ಎಳೆದು ಅದೇ ಬಾಟಲಿಗೆ ಬಿಡಿ. ಇನ್ನು ಜಾಗ ಇಲ್ಲ ಅನ್ನುವಷ್ಟು ಆವಿ ತುಂಬಿದ ಮೇಲೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಆಗ ಅಳತೆಯ ಸಲ ಎಳೆಯಿರಿ. ಬಾಟಲಿ ಮತ್ತು ಟ್ಯೂಬು ಒಂದರ ಪಕ್ಕ ಒಂದಿರಲಿ. ಇಂಥ ದ್ರವಗಳದ್ದೇ ಕೆಲಸ ದಿನವೂ ಇದ್ದರೆ ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್ ಪಿಪೆಟ್ ಕೇಳಿ ತರಿಸಿ. ಅದರಲ್ಲಿ ಪಿಸ್ಟನ್ ಇಂಜೆಕ್ಷನ್ ಸಿರಿಂಜಿನ ಹಾಗೆ ದ್ರವವನ್ನೇ ಮುಟ್ಟುತ್ತದೆ, ನಡುವೆ ಗಾಳಿ ಇಲ್ಲ. ಗಾಜಿನ ಸಿರಿಂಜೂ ಆಗುತ್ತದೆ. ಪಾಲಿಸ್ಟೈರೀನ್ ಟ್ಯೂಬಿಗೆ ಮಾತ್ರ ಇವನ್ನು ಹಾಕಬೇಡಿ, ಟ್ಯೂಬೇ ಕರಗುತ್ತದೆ. ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್ಡಿಗಂತೂ ಮೈಕ್ರೋಪಿಪೆಟ್ ಬೇಡವೇ ಬೇಡ. ಅದರ ಹೊಗೆ ಒಳಗೆ ಹೋಗಿ ಪಿಸ್ಟನ್ನನ್ನು ತಿನ್ನುತ್ತದೆ. ಗಾಜಿನ ಪಿಪೆಟ್ಟು, ರಬ್ಬರ್ ಬಲ್ಬು, ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಬಳಸಿ.

ಪ್ರಶ್ನೆ: ಅಸಿಟೋನಿಗೆ ಮಾಡುವ ಹಾಗೆ ಐಸ್ ಮೇಲಿಟ್ಟ ಬಫರಿಗೂ ಮೊದಲು ನಾಲ್ಕೈದು ಸಲ ಎಳೆದು ಬಿಡಬೇಕೇ? (ಮಂಗಳೂರು)

ಉತ್ತರ: ಬೇಡ. ಅಲ್ಲಿ ಅದೇ ತಪ್ಪಾಗುತ್ತದೆ. ಎಳೆದು ಬಿಟ್ಟಷ್ಟೂ ಪಿಪೆಟ್ಟಿನ ಒಳಗಾಳಿ ತಣ್ಣಗಾಗಿ ಕುಗ್ಗುತ್ತದೆ, ಕುಗ್ಗಿದ ಜಾಗಕ್ಕೆ ದ್ರವ ಜಾಸ್ತಿ ಬರುತ್ತದೆ. ಬಿಸಿ ದ್ರವಕ್ಕೆ ಇದರ ಉಲ್ಟಾ, ಕಡಿಮೆ ಬರುತ್ತದೆ. ತಣ್ಣಗಿನದಕ್ಕೂ ಬಿಸಿಯದಕ್ಕೂ ಪ್ರತಿ ಸಲ ಹೊಸ ಟಿಪ್ ಹಾಕಿ, ಒಂದೇ ಸಲ ಎಳೆದು, ತಡಮಾಡದೆ ಬಿಡಿ. ರೂಮಿನ ಬಿಸಿಗೆ ಬಂದರೆ ಕೆಡದ ದ್ರವವಾದರೆ ಹತ್ತು ನಿಮಿಷ ಮೇಜಿನ ಮೇಲಿಟ್ಟು ಆಮೇಲೆ ಅಳೆಯಿರಿ.

ಪ್ರಶ್ನೆ: ನಮ್ಮ ಕಾಲೇಜಿನ ಪಿಪೆಟ್ಟುಗಳನ್ನು ಸರ್ವೀಸಿಗೆ ಕಳಿಸಿ ವರ್ಷಗಳಾಗಿವೆ. ಹಣ ಇಲ್ಲ ಅನ್ನುತ್ತಾರೆ. ಅವು ಸರಿ ಇವೆಯೋ ಇಲ್ಲವೋ ನಾವೇ ನೋಡಬಹುದೇ? (ಕಲಬುರಗಿ)

ಉತ್ತರ: ನೋಡಬಹುದು. 1000 ಮೈಕ್ರೋಲೀಟರಿನ ಪಿಪೆಟ್ಟಿನಿಂದ ಶುರು ಮಾಡಿ. ಡಿಸ್ಟಿಲ್ಡ್ ವಾಟರ್, ಪಿಪೆಟ್, ಟಿಪ್ ಮೂರನ್ನೂ ತಕ್ಕಡಿಯ ಕೋಣೆಯಲ್ಲಿ ಒಂದೆರಡು ಗಂಟೆ ಇಟ್ಟು ಒಂದೇ ಬಿಸಿಗೆ ಬರಲು ಬಿಡಿ. ಫ್ಯಾನ್ ಆರಿಸಿ. ಅಂಕಿ ತಿರುಗಿಸುವಾಗ 1000 ದಾಟಿಸಿ ಸ್ವಲ್ಪ ಮೇಲೆ ಹೋಗಿ, ಮೇಲಿನಿಂದ ಕೆಳಗಿಳಿಸಿ ನಿಲ್ಲಿಸಿ. ಟಿಪ್ಪಿನಲ್ಲಿ ನೀರನ್ನು ಮೂರು ಸಲ ಎಳೆದು ಬಿಟ್ಟು, ಆಮೇಲೆ ಹತ್ತು ಸಲ ತೂಗಿ. ಪಿಪೆಟ್ ನೆಟ್ಟಗಿರಲಿ, ಟಿಪ್ ನೀರಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ಇರಲಿ, ಎಳೆದ ಮೇಲೆ ಒಂದು ಸೆಕೆಂಡ್ ನಿಲ್ಲಿ. ಮಧ್ಯೆ ಪಿಪೆಟ್ಟನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂರಬೇಡಿ, ಮೈಬಿಸಿ ಒಳಗಿನ ಗಾಳಿಗೆ ಹತ್ತುತ್ತದೆ.

25 ಡಿಗ್ರಿಯಲ್ಲಿ 1000 ಮೈಕ್ರೋಲೀಟರ್ ನೀರು ತಕ್ಕಡಿಯಲ್ಲಿ ಸುಮಾರು 996 ಮಿಲಿಗ್ರಾಂ ತೋರಿಸಬೇಕು. 1000 ತೋರಿಸಿದರೆ ಪಿಪೆಟ್ 4 ಮೈಕ್ರೋಲೀಟರ್ ಜಾಸ್ತಿ ಕೊಡುತ್ತಿದೆ ಎಂದರ್ಥ. ಐಎಸ್‌ಒ 8655 ಎಂಬ ಮಾನದಂಡದಲ್ಲಿ 1000ದ ಪಿಪೆಟ್ಟಿಗೆ ಸರಾಸರಿಯಲ್ಲಿ 8 ಮೈಕ್ರೋಲೀಟರ್‌ವರೆಗೆ ತಪ್ಪನ್ನು ಒಪ್ಪುತ್ತಾರೆ, 200ರದ್ದಕ್ಕೆ 1.6. ಸರಾಸರಿ ಸರಿ ಇದ್ದು ಒಂದೊಂದು ಸಲ ಒಂದೊಂದು ಬಂದರೆ ಕೈಯನ್ನೋ ಟಿಪ್ಪನ್ನೋ ನೋಡಿ. ಹತ್ತೂ ಸಲ ಒಂದೇ ತೆರನಾಗಿ ಕಡಿಮೆ ಬಂದರೆ ಒಳಗೆ ಗಾಳಿ ಸೋರುತ್ತಿರಬಹುದು. ಅದನ್ನು ತಿಳಿಯಲು ಟಿಪ್ ತುಂಬ ನೀರು ಎಳೆದು, ಪಿಪೆಟ್ಟನ್ನು ನೆಟ್ಟಗೆ ಹಿಡಿದು ಇಪ್ಪತ್ತು ಸೆಕೆಂಡ್ ನೋಡಿ. ತುದಿಯಲ್ಲಿ ಹನಿ ಕಟ್ಟಿದರೆ ಸೀಲ್ ಸವೆದಿದೆ. ಬಿಚ್ಚಿ ಒರೆಸಿ, ಓ ರಿಂಗ್ ಅನ್ನುವ ರಬ್ಬರ್ ಬಳೆ ಬದಲಾಯಿಸಿದರೆ ಎಷ್ಟೋ ಪಿಪೆಟ್ಟುಗಳು ಸರಿಹೋಗುತ್ತವೆ. ಓ ರಿಂಗಿಗೆ ಹೆಚ್ಚು ಬೆಲೆ ಇಲ್ಲ.

20ರ ಪಿಪೆಟ್ಟನ್ನು ಕಾಲೇಜಿನ ಸಾಮಾನ್ಯ ತಕ್ಕಡಿಯಲ್ಲಿ ನಂಬಿಕೆಯಿಂದ ನೋಡಲಾಗದು. ಅದರಲ್ಲಿ ಒಪ್ಪುವ ತಪ್ಪೇ 0.2 ಮೈಕ್ರೋಲೀಟರ್, ಅಷ್ಟರಲ್ಲಿ ನೀರು ಆವಿಯಾಗಿಯೇ ಅಂಕಿ ಓಡಾಡುತ್ತದೆ. ಅದೊಂದನ್ನು ಸರ್ವೀಸಿಗೆ ಕಳಿಸಲು ಹಣ ಕೇಳಿ. ಕೇಳುವಾಗ ನೀವು ತೂಗಿದ ಹಾಳೆಯನ್ನು ಅರ್ಜಿಗೆ ಪಿನ್ ಮಾಡಿ ಕೊಡಿ. ತಾರೀಖು, ಕೋಣೆಯ ಬಿಸಿ, ಪಿಪೆಟ್ಟಿನ ನಂಬರು, ಹತ್ತು ತೂಕ, ತೂಗಿದವರ ಸಹಿ, ಎಲ್ಲ ಅದರಲ್ಲಿರಲಿ. ನಮ್ಮಲ್ಲಿ ಎರಡು ವರ್ಷ ಬರಿ ಅರ್ಜಿ ಕೊಟ್ಟಾಗ ಏನೂ ಆಗಲಿಲ್ಲ. ಹಾಳೆ ಲಗತ್ತಿಸಿದ ವರ್ಷ ಹಣ ಬಂತು.